ಕೇಸು ಎಂಬ ಪದ, ಹೊಳೆಯಾಚೆಯ ಬಾಣಂತಿ

ಶುಶ್ರೂಷೆಯ ಕೆಲಸಕ್ಕೆ ಈಗಷ್ಟೇ ಸೇರುತ್ತಿರುವ ನಿಮಗೆ ಮೊದಲ ದಿನವೇ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಇಂಗ್ಲಿಷ್ ಪದ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಇಂಜೆಕ್ಷನ್ ಎಂದಾಗಲಿ ಡ್ಯೂಟಿ ಎಂದಾಗಲಿ ಹೇಳುವುದಿಲ್ಲ. ಕೇಸು ಎನ್ನುತ್ತೇನೆ. ಡೆಲಿವರಿ ಕೇಸು, ಹಾವು ಕಚ್ಚಿದ ಕೇಸು, ಮರದಿಂದ ಬಿದ್ದ ಕೇಸು, ಮಂಗನ ಕಾಯಿಲೆಯ ಸಂಶಯದ ಕೇಸು. ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳಲ್ಲಿ ನನ್ನ ಸೇವೆಯೆಲ್ಲ ಕಳೆಯಿತು. ಆ ಪದವನ್ನು ಬಾಯಿಗೆ ತಾರದ ಒಂದು ದಿನವೂ ಇದ್ದಂತಿಲ್ಲ. ಕೆಲಸದಲ್ಲಿದ್ದಾಗ ಅದರ ಬಗ್ಗೆ ಹೆಚ್ಚು ಯೋಚಿಸಲು ಪುರಸೊತ್ತಿರಲಿಲ್ಲ. ನಿವೃತ್ತಳಾದ ಮೇಲೆ ಅದು ನನ್ನನ್ನು ಕೂರಲು ಬಿಡುತ್ತಿಲ್ಲ. ಮಧ್ಯಾಹ್ನ ತುಸು ಒರಗಿದರೂ ಎದ್ದು ಬಿಡುತ್ತೇನೆ. ಗ್ಯಾಸಿನ ಒಲೆ ಆರಿಸಿದ್ದೇನೆಯೇ ಎಂದು ನೋಡಲು ಹೋದವಳು ನಿಘಂಟು ತೆರೆದು ಕೂತಿರುತ್ತೇನೆ.

ಏಕೆಂದರೆ ಆ ಪದದ ಹಿಂದೆಯೇ ಒಂದು ಮನೆಯ ಬಾಗಿಲು ನೆನಪಿಗೆ ಬರುತ್ತದೆ. ಬ್ಯಾಕೋಡಿನಿಂದ ಒಳಗೆ, ಹಿನ್ನೀರಿನ ಅಂಚಿನ ಹಳ್ಳಿಯೊಂದರ ಮನೆ. ಒಳಗಿನ ಕೋಣೆಯಲ್ಲಿ ನಾಗವೇಣಿ ಎಂಬ ಬಾಣಂತಿ ಜ್ವರದಲ್ಲಿ ನಡುಗುತ್ತಿದ್ದಾಳೆ. ಮನೆಯಲ್ಲೇ ಆದ ಹೆರಿಗೆ. ಹೊಟ್ಟೆಯೊಳಗೆ ಮಾಸಿನ ಚೂರು ಉಳಿದು ಮೈಗೆ ವಿಷ ಏರುತ್ತಿದೆ. ಸಂಜೆಯ ಕೊನೆಯ ಲಾಂಚಿನಲ್ಲಿ ಹಿನ್ನೀರು ದಾಟಿ ಆಚೆ ದಡದ ಹೊಳೆಬಾಗಿಲಿಗೆ, ಅಲ್ಲಿಂದ ಸಾಗರದ ಆಸ್ಪತ್ರೆಗೆ ಹೋಗದಿದ್ದರೆ ಅವಳು ಉಳಿಯುವುದು ಕಷ್ಟ. ಅಂಗಳದಲ್ಲಿ ನೆರೆಮನೆಯ ಜೀಪು ಸಿದ್ಧವಾಗಿ ನಿಂತಿದೆ. ಆದರೆ ಬಾಗಿಲಲ್ಲಿ ಅವಳ ಅತ್ತೆ ಗುತ್ಯಮ್ಮ ಎರಡೂ ಕೈಗಳನ್ನು ಬಾಗಿಲ ದಾರಂದಕ್ಕೆ ಊರಿ ನಿಂತಿದ್ದಾರೆ.

"ನನ್ ಸೊಸೆ ಹೊಳೆ ದಾಟಲ್ಲ" ಎನ್ನುತ್ತಿದ್ದಾರೆ. "ಪುರುಡು ಕಳೀಲಿ. ಆಮೇಲ್ ಎಲ್ಲಿಗ್ ಬೇಕಾರೂ ಕರ್ಕೊಂಡ್ ಹೋಗು."

ಪುರುಡು ಎಂದರೆ ಹೆರಿಗೆಯ ಸೂತಕ. ಅದು ಕಳೆಯುವ ತನಕ ಬಾಣಂತಿಯೂ ಮಗುವೂ ಹರಿಯುವ ಹೊಳೆ ದಾಟಬಾರದೆಂಬುದು ಆ ಮನೆಯ ಕಟ್ಟು. ಅದು ಕಳೆಯುವವರೆಗೆ ನಾಗವೇಣಿ ಕಾಯುವಂತಿರಲಿಲ್ಲ.

ಈ ಸಂಗತಿಯನ್ನು ನೇರವಾಗಿ ಹೇಳಿ ಮುಗಿಸಬೇಕೆಂದು ಎಷ್ಟೋ ಸಲ ಬರೆಯಲು ಕೂತಿದ್ದೇನೆ, ಎದ್ದಿದ್ದೇನೆ. ಆ ಬಾಗಿಲಿನಲ್ಲಿ ನಾನು ಮೊದಲು ಆಡಿದ ಮಾತಿನಲ್ಲಿಯೇ ಕೇಸು ಎಂಬ ಪದವಿತ್ತು. ಹಾಗಾಗಿ ಆ ಪದ ನನ್ನ ಬಾಯಿಗೆ ಹೇಗೆ ಹತ್ತಿತೆಂಬುದನ್ನು ಮೊದಲು ಹೇಳದೆ ಮುಂದೆ ಹೋಗಲು ನನಗೆ ಆಗುತ್ತಿಲ್ಲ.

ತೀರ್ಥಹಳ್ಳಿಯ ಆಸ್ಪತ್ರೆಯೊಂದರಲ್ಲಿ ನಾನು ಕೆಲಸ ಕಲಿತೆ. ನಮ್ಮದು ಹೊಸನಗರದ ಕಡೆಯ ಗೇಣಿಯ ಮನೆತನ. ಉಳುವವರಿಗೆ ಭೂಮಿ ಬಂದ ಮೇಲೆ ನಮಗೂ ಹೊಲ ಬಂತು, ಅದರ ಹಿಂದೆ ಶಾಲೆ ಬಂತು. ಶುಶ್ರೂಷೆಯ ತರಬೇತಿಯ ಜೊತೆಗೆ ಅಂಚೆಯ ಮೂಲಕ ಓದಿ ಪದವಿಯನ್ನೂ ಪಡೆದೆ. ನಮ್ಮ ಮನೆಯಲ್ಲಿ ಪದವಿ ಎಂಬುದನ್ನು ಕಂಡವಳು ನಾನೇ ಮೊದಲು. ಹಾಗಾಗಿ ಒಂದು ಇಂಗ್ಲಿಷ್ ಪದ ಎದುರಾದರೆ ಅದನ್ನು ಸರಿಯಾಗಿ ಉಚ್ಚರಿಸದಿದ್ದರೆ ಯಾರೋ ಬಂದು ಪದವಿಯನ್ನೇ ವಾಪಸು ಪಡೆಯುತ್ತಾರೆಂಬ ಭಯ ನನಗೆ. ಆ ಭಯ ಈಗಲೂ ಪೂರ್ತಿ ಹೋಗಿಲ್ಲ.

ಅಲ್ಲಿ ನಮ್ಮ ಮೇಲೆ ಇದ್ದವರು ಸೆಲಿನ್ ಸಿಸ್ಟರ್. ಕರಾವಳಿಯಿಂದ ಬಂದವರು, ಎತ್ತರದ ಹೆಂಗಸು, ನಗುವುದು ಅಪರೂಪ. ಮೊದಲ ದಿನ ನನ್ನ ಕೈಗೆ ಒಂದು ರಾಶಿ ಬಿಳಿ ಬಟ್ಟೆ ಕೊಟ್ಟು "ಪಿಲ್ಲೋ ಕೇಸು ಹೊಲಿದು ತಾ" ಎಂದರು. ದಿಂಬಿಗೆ ಯಾವ ಕೇಸು, ಅದು ಯಾರ ಮೇಲೆ ಏನು ಮಾಡಿತು ಎಂದು ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವಿಲ್ಲದೆ ಬಟ್ಟೆ ಹಿಡಿದು ನಿಂತೇ ಇದ್ದೆ. ಕೊನೆಗೆ ಜೊತೆಯವಳೊಬ್ಬಳು ಪಿಸುಗುಟ್ಟಿದಳು: "ದಿಂಬಿನ ಚೀಲ ಕಣೇ ಜಯಂತಿ!"

ಆಗ ಸಿರಿಂಜುಗಳು ಗಾಜಿನವು. ಬೆಳಿಗ್ಗೆ ಎದ್ದು ಅವನ್ನು ಕುದಿಸಬೇಕು, ಸೂಜಿಯ ಮೊನೆ ಮೊಂಡಾದರೆ ಕಲ್ಲಿಗೆ ಉಜ್ಜಬೇಕು. ಒಮ್ಮೆ ನಮ್ಮೂರಿನವರೇ ಒಬ್ಬರು, ನನ್ನನ್ನು ಎತ್ತಿ ಆಡಿಸಿದ ಹೆಂಗಸು, ದಾಖಲಾಗಿ ಬಂದರು. "ಓ, ನಮ್ ಜಯಂತಿ! ನೀನೇ ಚುಚ್ಚೇ, ನಂಗೆ ನೋವೇ ಆಗಲ್ಲ" ಎಂದು ತೋಳು ಚಾಚಿದರು. ನನ್ನ ಕೈ ಎಷ್ಟು ನಡುಗಿತೆಂದರೆ ಸೂಜಿ ಬಾಗಿಹೋಯಿತು. ಆ ಹೆಂಗಸು ಉಸಿರೆತ್ತದೆ ಹಲ್ಲುಕಚ್ಚಿ ಕೂತರು. ಸೆಲಿನ್ ಸಿಸ್ಟರ್ ಇದನ್ನು ದೂರದಿಂದ ನೋಡಿದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಹೆಸರು ಹಿಡಿದರೆ ಕೈ ನಡುಗ್ತದೆ ಮಾರಾಯ್ತಿ" ಎಂದರು. "ಮನಸ್ಸಿನಲ್ಲಿ ಕೇಸು ಅಂತ ಹೇಳಿಕೋ. ಆರನೇ ಬೆಡ್ ಕೇಸು. ಕೈ ನಿಲ್ತದೆ ನೋಡು. ಕೆಲಸ ಮುಗಿದ ಮೇಲೆ ಹೆಸರು ಹಿಡಿದು ಎಷ್ಟು ಬೇಕಾದರೂ ಅಳು."

ಹಾಗೆ ಮಾಡಿದೆ. ಕೈ ನಿಂತಿತು. ಆದ್ದರಿಂದ ಈಚೆಗೆ ಕೆಲವರು 'ರೋಗಿಯನ್ನು ಕೇಸು ಎನ್ನುವುದು ಅಮಾನವೀಯ' ಎಂದು ಭಾಷಣ ಮಾಡಿದರೆ ನನಗೆ ಚಡಪಡಿಕೆಯಾಗುತ್ತದೆ. ಅವರು ಹೇಳುವುದು ತಪ್ಪಲ್ಲ. ಆದರೆ ನಡುಗುವ ಕೈಯಲ್ಲಿ ಸೂಜಿ ಹಿಡಿದವರು ಅವರಲ್ಲ.

ಅಲ್ಲಿಂದ ಹೊಸನಗರಕ್ಕೆ ವರ್ಗವಾಯಿತು. ಅಲ್ಲಿಯ ವೈದ್ಯಾಧಿಕಾರಿಗಳು ಭಾಷೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರು ನೀಲಿ ಪೆನ್ನಿನಿಂದ ಔಷಧ ಬರೆಯುತ್ತಿದ್ದರು, ಕೆಂಪು ಪೆನ್ನಿನಿಂದ ನಮ್ಮ ಇಂಗ್ಲಿಷ್ ತಿದ್ದುತ್ತಿದ್ದರು. ಒಬ್ಬ ವೃದ್ಧರು ತೀರಿಕೊಂಡಾಗ ನಾನು 'ಕೇಸ್ ಎಕ್ಸ್‌ಪೈರ್ಡ್' ಎಂದು ಬರೆದಿದ್ದೆ. ಅವರು ನನ್ನನ್ನು ಕರೆಸಿ, "ಏನ್ರೀ ಜಯಂತಿ, ಕೇಸು ಹೇಗ್ರೀ ಸಾಯುತ್ತೆ? ಸತ್ತಿದ್ದು ಮನುಷ್ಯ. ಕೇಸು ಇನ್ನೂ ಇದೆ, ನೋಡಿ, ನನ್ನ ಮೇಜಿನ ಮೇಲೆ" ಎಂದು ಕಾಗದದ ಕಟ್ಟು ತೋರಿಸಿದರು. ಸುತ್ತಲಿದ್ದವರು ನಕ್ಕರು. ನನಗೆ ಕಿವಿ ಬಿಸಿಯಾಯಿತು.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು ದಿನ. ಹೊರಗಿನ ಬೆಂಚಿನ ಮೇಲೆ ಜನ ತುಂಬಿದ್ದರು. "ಮುಂದಿನ ಕೇಸು ಯಾರದು?" ಎಂದು ನಾನು ಕೂಗಿದೆ. ಕರಿ ಕಂಬಳಿ ಹೊದ್ದ ಮುದುಕರೊಬ್ಬರು ತಟ್ಟನೆ ಎದ್ದು ಕೈಮುಗಿದರು. "ನಂದೇ ತಾಯಿ. ಆದ್ರೆ ವಕೀಲ್ರು ಇನ್ನೂ ಬಂದಿಲ್ಲ" ಎಂದರು. ಅಣ್ಣನ ಜೊತೆ ಗದ್ದೆಯ ಬದುವಿನ ವ್ಯಾಜ್ಯವಿದ್ದ ಅವರು ಕೋರ್ಟು ಇದೇ ಎಂದುಕೊಂಡು ಬೆಳಗಿನಿಂದ ಅಲ್ಲಿ ಕೂತಿದ್ದರಂತೆ. ಬಂದಿದ್ದೇ ಆಯಿತಲ್ಲ ಎಂದು ರಕ್ತದೊತ್ತಡ ನೋಡಿ ಕಳುಹಿಸಿದೆವು. ನೋಡಿದರೆ ಒತ್ತಡ ನಿಜವಾಗಿಯೂ ಹೆಚ್ಚಾಗಿತ್ತು.

ಈ ಎರಡು ಪ್ರಸಂಗಗಳ ನಂತರ ನಾನು ಶಿವಮೊಗ್ಗದ ಹಳೆ ಪುಸ್ತಕದಂಗಡಿಯಿಂದ ಒಂದು ದಪ್ಪ ಇಂಗ್ಲಿಷ್ ನಿಘಂಟು ತಂದೆ. ಪದಗಳು ಎಲ್ಲಿಂದ ಹುಟ್ಟಿದವೆಂದು ಸಣ್ಣ ಅಕ್ಷರದಲ್ಲಿ ಹೇಳುವಂಥದ್ದು. ಕೇಸು ಎಂಬುದನ್ನು ಹುಡುಕಿದೆ. ಆ ದಿನ ಡ್ಯೂಟಿಗೆ ಹೋಗಲು ತಡವಾಗುವಷ್ಟು ಹೊತ್ತು ಆ ಪುಟದಲ್ಲೇ ಇದ್ದೆ.

ಅದು ಒಂದು ಪದವೇ ಅಲ್ಲ, ಒಂದೇ ಅಂಗಿ ತೊಟ್ಟ ಎರಡು ಪದಗಳು. ಮೊದಲನೆಯದರ ಬೇರು ಲ್ಯಾಟಿನ್ ಭಾಷೆಯಲ್ಲಿ ಬೀಳು ಎಂಬ ಅರ್ಥದ ಕ್ರಿಯಾಪದ. ಮೇಲಿನಿಂದ ಬಂದು ಬಿದ್ದದ್ದು, ಒದಗಿದ್ದು, ಅದೇ ಕೇಸು. ಕೋರ್ಟಿನ ಕೇಸು, ಪೊಲೀಸರ ಕೇಸು, ನಮ್ಮ ಹಾಸಿಗೆಯ ಮೇಲಿನ ಕೇಸು ಎಲ್ಲವೂ ಹೀಗೆ ಮೇಲೆ ಬಿದ್ದವು. 'ನನ್ನ ಮೇಲೆ ಕೇಸು ಬಿತ್ತು' ಎಂದು ನಮ್ಮ ಜನ ಲ್ಯಾಟಿನ್ ಓದದೆಯೇ ಹೇಳುತ್ತಾರೆ. ವ್ಯಾಕರಣದಲ್ಲಿ ನಾವು ವಿಭಕ್ತಿ ಎನ್ನುವುದನ್ನು ಇಂಗ್ಲಿಷಿನವರು ಕೇಸ್ ಎನ್ನುತ್ತಾರೆ. ನಾಮಪದ ತನ್ನ ನೆಟ್ಟಗಿನ ರೂಪದಿಂದ ಜಾರಿ ಬೀಳುತ್ತದೆಂಬ ಹಳೆಯ ಕಲ್ಪನೆ ಅದು. ಆಕ್ಸಿಡೆಂಟ್ ಎಂಬುದೂ ಅದೇ ಬೇರಿನದು. ತುರ್ತು ರೋಗಿಗಳನ್ನು ಮೊದಲು ತರುವ ಕ್ಯಾಷುವಾಲ್ಟಿಯೂ ಅದೇ ವಂಶ. ನಾವು ಅರ್ಜಿ ಕೊಟ್ಟು, ಸಿಗದೆ, ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದ ಕ್ಯಾಷುವಲ್ ಲೀವ್ ಕೂಡ ಅದರ ದೂರದ ನೆಂಟ.

ಎರಡನೆಯ ಕೇಸಿಗೂ ಇದಕ್ಕೂ ರಕ್ತಸಂಬಂಧವೇ ಇಲ್ಲ. ಅದರ ಬೇರು ಹಿಡಿ ಎಂಬ ಕ್ರಿಯಾಪದ. ಅದರಿಂದ ಪೆಟ್ಟಿಗೆ ಎಂಬ ಅರ್ಥದ ಪದ, ಅದರಿಂದ ಸೂಟ್‌ಕೇಸು, ದಿಂಬಿನ ಕೇಸು, ಕನ್ನಡಕದ ಕೇಸು. ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆಗಳನ್ನು ಇಡುತ್ತಿದ್ದ ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆಗಳಿಂದ ದೊಡ್ಡಕ್ಷರ, ಚಿಕ್ಕಕ್ಷರಗಳಿಗೆ ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರು. ಹಣದ ಪೆಟ್ಟಿಗೆಯಿಂದ ಕ್ಯಾಶ್. ಚಿಕ್ಕ ಪೆಟ್ಟಿಗೆ ಎಂಬುದರಿಂದ ಕ್ಯಾಪ್ಸೂಲ್! ದಿನವೂ ರೋಗಿಗಳ ಅಂಗೈಗೆ ಹಾಕುತ್ತಿದ್ದ ಕೆಂಪು ಹಳದಿ ಮಾತ್ರೆಗೂ ಸೆಲಿನ್ ಸಿಸ್ಟರ್ ಕೊಟ್ಟ ದಿಂಬಿನ ಬಟ್ಟೆಗೂ ಒಂದೇ ಅಜ್ಜಿ ಎಂದು ತಿಳಿದಾಗ ನನಗಾದ ಸಂತೋಷವನ್ನು ಹಂಚಿಕೊಳ್ಳಲು ಆ ವಾರ್ಡಿನಲ್ಲಿ ಯಾರೂ ಇರಲಿಲ್ಲ. ವೈದ್ಯಾಧಿಕಾರಿಗಳಿಗೆ ಹೇಳೋಣವೆಂದು ಬಾಗಿಲ ತನಕ ಹೋದೆ. ಉಚ್ಚಾರ ತಪ್ಪಿದರೆ ಎಂದು ಹಿಂದಿರುಗಿದೆ.

ತಿಳಿದದ್ದರಿಂದ ಬಳಕೆ ನಿಲ್ಲಲಿಲ್ಲ. ಸಾಗರದ ದೊಡ್ಡ ಆಸ್ಪತ್ರೆಯಲ್ಲಿ ಕೊನೆಯ ವರ್ಷಗಳನ್ನು ಕಳೆಯುವಾಗಲೂ ಅದೇ ಪದ. ಒಮ್ಮೆ ತೋಟದ ಮನೆಯ ಅಜ್ಜಿಯೊಬ್ಬರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು, ನನ್ನನ್ನು ಹತ್ತಿರ ಕರೆದು ಹೇಳಿದರು: "ಕೇಸು ಹೇಳಿ ಕೂಗಡ ತಂಗಿ. ಎಂಗೂ ಹೆಸರು ಹೇಳಿ ಒಂದು ಇದ್ದು." ಕೇಸು ಎಂದು ಕೂಗಬೇಡ, ತನಗೂ ಹೆಸರೊಂದಿದೆ ಎಂದರ್ಥ. ಏನು ಹೆಸರೆಂದು ಕೇಳಿದೆ. "ಎಂತ ಮಾಡ್ತೆ ಕೇಳಿ? ಆ ಹೆಸರು ಹಿಡಿದು ಕರೆವವ್ವು ಯಾರೂ ಈಗ ಇಲ್ಲೆ" ಎಂದು ನಕ್ಕುಬಿಟ್ಟರು. ಹೆಸರು ಹೇಳಲಿಲ್ಲ. ನಾನು ಚೀಟಿ ನೋಡಿ ತಿಳಿದುಕೊಂಡು, ಬಿಡುಗಡೆಯಾಗುವ ತನಕ ಹೆಸರು ಹಿಡಿದೇ ಕರೆದೆ. ಪ್ರತಿ ಸಲವೂ ಅವರು ಬೇರೆ ಯಾರನ್ನೋ ಕರೆದರೆಂಬಂತೆ ತಿರುಗಿ ನೋಡುತ್ತಿದ್ದರು.

ಈಗ ಬ್ಯಾಕೋಡಿನ ಆ ಬಾಗಿಲಿಗೆ ಬರಲೇಬೇಕು.

ಹೊಸನಗರದಿಂದ ವರ್ಗವಾದ ಮೇಲೆ, ಸಾಗರದ ಆಸ್ಪತ್ರೆಗೆ ಬರುವ ಮೊದಲು ನಾನು ಹಿನ್ನೀರಿನ ಆ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ನಿಮಗೆ ಈಗ ಸೇತುವೆಯಿದೆ, ಫೋನು ಮಾಡಿದರೆ ಆಂಬುಲೆನ್ಸ್ ಇದೆ, ರಕ್ತ ಪರೀಕ್ಷೆಯ ಫಲಿತಾಂಶ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಆಗ ನಮಗೆ ಇದ್ದದ್ದು ಲಾಂಚು. ಬಸ್ಸು, ಜೀಪು, ಗೊಬ್ಬರದ ಮೂಟೆ, ಮದುವೆಯ ದಿಬ್ಬಣ, ಎಲ್ಲವನ್ನೂ ಹೊತ್ತು ನೀರಿನ ಮೇಲೆ ನಿಧಾನ ಹೋಗುವ ಕಬ್ಬಿಣದ ಚಪ್ಪಟೆ ದೋಣಿ. ಕತ್ತಲಾಗುವ ಮುನ್ನ ಕೊನೆಯದು ಹೊರಟರೆ ಆ ದಡ ಆ ದಡವೇ, ಈ ದಡ ಈ ದಡವೇ. ನೀರನ್ನು ಸುತ್ತಿ ಕಾಡಿನ ದಾರಿಯಲ್ಲಿಯೂ ಹೋಗಬಹುದಿತ್ತು. ಆದರೆ ಆ ಹೊಂಡದ ದಾರಿಯ ಕುಲುಕಾಟವನ್ನು ನಾಗವೇಣಿಯ ಮೈ ತಡೆಯುವಂತಿರಲಿಲ್ಲ. ನಮ್ಮ ವೈದ್ಯರು ಅಂದು ಸಭೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು.

ನಾಗವೇಣಿಯ ಗಂಡ ಕೆರಿಯಪ್ಪ ಸೈಕಲ್ಲಿನಲ್ಲಿ ಬಂದು ನನ್ನನ್ನು ಕರೆದೊಯ್ದಿದ್ದ. ಕೋಣೆಗೆ ಕಾಲಿಟ್ಟೊಡನೆ ವಾಸನೆಯಿಂದಲೇ ವಿಷಯ ತಿಳಿಯಿತು. ನಾಡಿ ಓಡುತ್ತಿತ್ತು. ನನ್ನಲ್ಲಿದ್ದ ಇಂಜೆಕ್ಷನ್ ಕೊಟ್ಟೆ. ಅದು ಸಾಗರದ ತನಕ ತಲುಪಿಸಬಹುದು, ಗುಣಪಡಿಸಲಾರದು. ಹೊರಗೆ ಬಂದು, ಗಾಬರಿಯಾದಾಗ ಯಾವಾಗಲೂ ಮಾಡುವಂತೆ, ಶುದ್ಧ ಆಸ್ಪತ್ರೆಯ ಭಾಷೆಯಲ್ಲಿ ಹೇಳಿದೆ:

"ಅಮ್ಮಾ, ಇದು ಸೆಪ್ಟಿಕ್ ಕೇಸು. ಇಲ್ಲಿ ಇಟ್ಟುಕೊಳ್ಳೋಕೆ ಬರಲ್ಲ. ನಾನು ರೆಫರ್ ಮಾಡ್ತಾ ಇದ್ದೀನಿ."

"ಕೇಸಾ?" ಗುತ್ಯಮ್ಮ ಬಾಗಿಲಿಗೆ ಬಂದು ನಿಂತದ್ದು ಆಗ. "ಫಾರೆಸ್ಟ್ನೋರು ಹಾಕಿದ್ ಕೇಸೇ ಇನ್ನೂ ಮುಗ್ದಿಲ್ಲ. ಈಗ ಬಾಣಂತಿ ಕೋಣೆಗೂ ಕೇಸಾ?"

ಆಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದು ಕಾಡಿನಂಚಿನಲ್ಲಿ ನೆಲ ಮಾಡಿಕೊಂಡ ಮನೆಗಳವು. ಹಕ್ಕುಪತ್ರವಿರದೆ ಅರಣ್ಯ ಇಲಾಖೆಯವರ ವ್ಯಾಜ್ಯ ತಲೆಯ ಮೇಲೆ ತೂಗುತ್ತಿತ್ತು.

"ಅವ್ವಾ, ನರ್ಸಮ್ಮ ಹೇಳ್ತಿರೋದು ಆ ಕೇಸಲ್ಲ" ಎಂದ ಕೆರಿಯಪ್ಪ.

"ನೀ ಸುಮ್ನಿರು. ಕೇಸಂದ್ರೆ ಕೇಸೇ. ಮನೆಯೋರ್ನ ಮನೆಯಿಂದ ಎಬ್ಸೋದು ಬಿಟ್ರೆ ಬೇರೆ ಏನ್ ಮಾಡಿದೆ ಯಾವ ಕೇಸಾದ್ರೂ?"

ನಾನು ಪದ ಬದಲಿಸಿದೆ. ಮಾಸಿನ ಚೂರು ಒಳಗೆ ಕೊಳೆಯುತ್ತಿದೆ, ಅದನ್ನು ತೆಗೆಯುವ ಸಾಮಾನು ನನ್ನ ಬಳಿ ಇಲ್ಲ, ತಡವಾದರೆ ಜೀವಕ್ಕೆ ಅಪಾಯ ಎಂದು ಬಿಡಿಸಿ ಹೇಳಿದೆ. ಅದರಿಂದ ಬಾಗಿಲು ತೆರೆಯುತ್ತದೆಂದುಕೊಂಡಿದ್ದೆ. ತೆರೆಯಲಿಲ್ಲ.

"ಅದ್ ನಂಗೊತ್ತಿಲ್ವಾ? ಮೂಗಿಲ್ವಾ ನಂಗೆ?" ಎಂದರು ಗುತ್ಯಮ್ಮ. "ಈ ದಡದಲ್ಲಿ ಏನ್ ಬೇಕಾರೂ ಮಾಡು. ಹೊಳೆ ಮಾತ್ರ ದಾಟಿಸ್ಬೇಡ."

ಆಗ ಗೊತ್ತಾಯಿತು, ತಡೆದಿದ್ದು ನನ್ನ ಮಾತಿನ ದೋಷವಲ್ಲ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾಗಿಯೂ ನಿಂತಿದ್ದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮಗೆ ಯಾವ ತರಬೇತಿಯಲ್ಲಿಯೂ ಹೇಳಿಕೊಟ್ಟಿರಲಿಲ್ಲ. ಬೈದು ಎತ್ತಿಕೊಂಡು ಹೋಗೋಣವೇ? ಕೆರಿಯಪ್ಪ ತಾಯಿಯನ್ನು ದಾಟಿ ಬರುವವನಲ್ಲ. ಹೆದರಿಸೋಣವೇ? ಹೆದರಿಕೆಯೇ ಅಲ್ಲಿ ಬಾಗಿಲು ಹಿಡಿದು ನಿಂತಿತ್ತು. ನನಗೆ ನಿಲ್ಲಲೂ ಆಗದೆ, ಕೂರಲೂ ಆಗದೆ ಜಗಲಿಯ ತುದಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ತೋಚದೆ ಕೇಳಿದೆ: "ದಾಟಿಸಿದ್ರೆ ಏನಾಗುತ್ತಮ್ಮಾ?"

 ಗುತ್ಯಮ್ಮ ಬಾಗಿಲಿನಿಂದಲೇ ನೀರಿನ ಕಡೆ ನೋಡುತ್ತಾ ಹೇಳಿದರು:

"ಡ್ಯಾಮಿನ್ ನೀರ್ ಬಂದಾಗ ನಾನೂ ಬಾಣಂತಿ ಇದ್ದೆ. ಇವನಿಗಿಂತ ಮೊದ್ಲಿಂದು, ಗಂಡ್ಮಗು. ಗದ್ದೆ ಮುಳುಗ್ತು, ಕೊಟ್ಟಿಗೆ ಮುಳುಗ್ತು. ಮನೆಯೋರೆಲ್ಲ ಹೊಳೆ ದಾಟಿ ಆಚೆ ನೆಂಟರ ಮನೆಗ್ ಹೊರಟ್ರು. ಪುರುಡು ಕಳ್ದಿರ್ಲಿಲ್ಲ. ನಮ್ಮತ್ತೆ ಬ್ಯಾಡ ಬ್ಯಾಡ ಅಂತ ಅತ್ತು ಕರ್ದು ಮಾಡಿದ್ರು. ನಾನೇ 'ಏನಾಗಲ್ಲ ಬನ್ನಿ' ಅಂತ ದೋಣಿ ಹತ್ತಿದ್ದು. ಆಚೆ ದಡ ಸೇರೋ ಹೊತ್ತಿಗೆ ಕೂಸು ಅಳೋದು ನಿಲ್ಸಿತ್ತು. ನಿದ್ದೆ ಅಂದ್ಕೊಂಡೆ."

ಕೆರಿಯಪ್ಪ ತಾಯಿಯ ಮುಖವನ್ನೇ ನೋಡುತ್ತಿದ್ದ. ತನಗಿಂತ ಮೊದಲು ಒಂದು ಮಗುವಿತ್ತೆಂಬುದು ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಕಣ್ಣು ಹೇಳುತ್ತಿತ್ತು.

ಮಳೆಗಾಲದ ಗಾಳಿ, ಎಳೆಯ ಮಗು, ತೆರೆದ ದೋಣಿ. ಕಾರಣ ಏನಿದ್ದಿರಬಹುದೆಂದು ನನಗೆ ತಿಳಿದಿತ್ತು. ಅಷ್ಟು ವರ್ಷ ಹೊತ್ತದ್ದನ್ನು ಒಂದು ವಾಕ್ಯದಿಂದ ಇಳಿಸಲು ನಾನು ಯಾರು?

ಒಳಗಿನಿಂದ ನಾಗವೇಣಿ ಕರೆದಳು: "ಅತ್ತೇ... ಚಳಿ."

ಗುತ್ಯಮ್ಮ ಒಳಗೆ ಹೋದರು. ನಾನು ಮತ್ತು ಕೆರಿಯಪ್ಪ ಜೀಪಿನ ಕಡೆಯೊಮ್ಮೆ, ಬಾಗಿಲ ಕಡೆಯೊಮ್ಮೆ ನೋಡುತ್ತಾ ನಿಂತೆವು. ಬಿಸಿಲು ಅಂಗಳ ಬಿಟ್ಟು ಬೇಲಿಯ ಮೇಲೆ ಹೋಗಿತ್ತು. ಅವರು ಹೊರಗೆ ಬಂದಾಗ ಒಂದು ತೋಳಿನಲ್ಲಿ ಕಂಬಳಿ, ಇನ್ನೊಂದರಲ್ಲಿ ಮಗು.

"ನೋಡು ನರ್ಸಮ್ಮ" ಎಂದರು. ಧ್ವನಿ ಬೇರೆಯಾಗಿತ್ತು, ಗದ್ದೆಯ ಕೆಲಸ ಹಂಚುವವರ ಧ್ವನಿ. "ಇಲ್ಲಿಂದ ಹೊಳೆ ತನ್ಕ ಇರೋದು ನಮ್ ಗದ್ದೆನೇ. ಮೇಲೆ ನೀರ್ ನಿಂತಿದೆ ಅಷ್ಟೇ. ಸ್ವಂತ ಗದ್ದೆ ದಾಟೋಕೆ ಬಾಣಂತಿಗೆ ಅಡ್ಡಿ ಇಲ್ಲ. ಹೊಳೆಯಿಂದ ಆಚೆಗಿರೋದೂ ಗದ್ದೆನೇ, ಬೇರೆಯೋರ್ದು. ನಡುವೆ, ನೀರಿನ್ ಕೆಳ್ಗೆ, ಹಳೇ ಹೊಳೆ ಒಂದೇ. ಅದನ್ನ ಇವ್ಳು ದಾಟೋದ್ ಬೇಡ. ನಾನ್ ದಾಟ್ತೀನಿ."

"ಅದು ಹೇಗಮ್ಮಾ?" ಎಂದೆ.

"ಹೇಗೆ ಅಂತ ಅಲ್ಲಿ ನೋಡು. ಕೂಸು ನೀ ಇಟ್ಕೋ. ನೀನು ದಿನಾ ದಾಟೋಳು, ಪುರುಡಿಲ್ಲ, ಏನಿಲ್ಲ. ನಿನ್ ಕೈಯಲ್ಲಿ ನಿನ್ ಹಾಗೇ ದಾಟ್ಲಿ." ಮಗುವನ್ನು ನನ್ನ ತೋಳಿಗೆ ಹಾಕಿದರು. ಹಾಕಿದವರು ಅದರ ಮುಖವನ್ನು ನೋಡಲಿಲ್ಲ.

ಲಾಂಚು ಸಿಕ್ಕಿತು. ಸಿಗುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಇಳಿಯುವ ಬಿಸಿಲನ್ನೇ ನೋಡುತ್ತಿದ್ದೆ. ಜೀಪು ಏರಿತು, ಅದರ ಹಿಂದೆ ಒಂದು ಬಸ್ಸು ಏರಿತು. ನಾಗವೇಣಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಮಗುವನ್ನು ಹಿಡಿದು ನಾನು ಅವಳ ತಲೆಯ ಬಳಿ, ಕೆರಿಯಪ್ಪ ಮುಂದೆ. ಗುತ್ಯಮ್ಮ ಅವಳ ಕಾಲ ಬಳಿ ಕೂತು ಹೊರಗೆ ನೋಡುತ್ತಿದ್ದರು. ನೀರು ತಗ್ಗಿದ ಕಾಲವಾದ್ದರಿಂದ ಒಣಗಿದ ಹಳೆಯ ಮರಗಳ ಬೊಡ್ಡೆಗಳು ಅಲ್ಲಲ್ಲಿ ತಲೆಯೆತ್ತಿದ್ದವು. ಅವನ್ನೂ ಎದುರಿನ ಗುಡ್ಡದ ಸಾಲನ್ನೂ ನೋಡುತ್ತಾ ಅವರ ತುಟಿ ಅಲುಗುತ್ತಿತ್ತು. ಯಾರ ಗದ್ದೆ, ಯಾರ ಕಣ, ಯಾರ ಬಾವಿ ಎಂದು ಹೇಳಿಕೊಳ್ಳುತ್ತಿದ್ದರೋ ಏನೋ. ನನಗೆ ಕಂಡದ್ದು ನೀರು ಮಾತ್ರ.

"ಬಂತು ಹೊಳೆ" ಎಂದರು ಒಮ್ಮೆಲೇ.

ಸೀಟಿನ ಮೇಲೆ ಕಾಲು ಮಡಚಿ ಕೂತು, ನಾಗವೇಣಿಯ ಎರಡೂ ಪಾದಗಳನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಜ್ವರದಲ್ಲಿಯೂ ನಾಗವೇಣಿ ಬೆಚ್ಚಿ ಕಾಲೆಳೆದುಕೊಂಡಳು. ಆ ಮನೆಗಳಲ್ಲಿ ಸೊಸೆಯ ಕಾಲು ಅತ್ತೆಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿ.

"ಬ್ಯಾಡ ಅತ್ತೆ, ನಿಮ್ ಮಡ್ಲಲ್ಲಿ ನನ್ ಕಾಲಾ? ಪಾಪ ಬರುತ್ತೆ ನಂಗೆ."

"ಇಡೇ ಸುಮ್ನೆ. ಈಗ ನಿನ್ ಕಾಲು ನೆಲದ್ ಮೇಲಿಲ್ಲ, ನೀರಿನ್ ಮೇಲೂ ಇಲ್ಲ. ನನ್ ಮಡ್ಲಲ್ಲಿದೆ. ಹೊಳೆ ದಾಟ್ತಿರೋದು ನಾನು. ಏನ್ ಬರೋದಿದ್ರೂ ನಂಗ್ ಬರ್ಲಿ."

ಬಸ್ಸಿನಿಂದ ಇಳಿದು ಕಟಕಟೆಗೆ ಒರಗಿ ನಿಂತಿದ್ದವರಲ್ಲಿ ಪರಿಚಯದವನೊಬ್ಬ ಇಣುಕಿ ನಕ್ಕ. "ಏನ್ ಗುತ್ಯಮ್ಮಕ್ಕ, ಅತ್ತೆ ಸೊಸೆ ಕಾಲೊತ್ತೋ ಕಾಲ ಬಂತಾ?"

"ನಿನ್ ಹೆಂಡ್ತಿ ಪುಣ್ಯ ಮಾಡಿದ್ರೆ ನಿಮ್ಮವ್ವಂಗೂ ಬರುತ್ತೆ ಕಣೋ. ಮುಚ್ಕೊಂಡ್ ನೀರ್ ನೋಡು."

ಸುತ್ತಲಿನವರು ನಕ್ಕರು. ಅವನೂ ನಕ್ಕ. ಗುತ್ಯಮ್ಮ ನಗಲಿಲ್ಲ. ಅವರ ಹತ್ತು ಬೆರಳುಗಳೂ ಆ ಪಾದಗಳ ಸುತ್ತ ಬಿಗಿಯಾಗಿದ್ದವು. ನಾಗವೇಣಿ ಎಳೆದುಕೊಳ್ಳುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಹೊಳೆ ಮುಗಿಯಿತೆಂದು ಅವರಿಗೆ ಅನ್ನಿಸಿದ ಜಾಗದಲ್ಲಿ ಪಾದಗಳನ್ನು ಮೆಲ್ಲನೆ ಸೀಟಿಗೆ ಇಳಿಸಿ, ಸೀರೆಯ ಸೆರಗಿನಿಂದ ಒರೆಸಿದರು.

ಸಾಗರದಲ್ಲಿ ವೈದ್ಯರು ತಡಮಾಡಲಿಲ್ಲ. ಒಳಗೆ ಉಳಿದದ್ದನ್ನು ತೆಗೆದರು, ಡ್ರಿಪ್ ಹಾಕಿದರು, ರಕ್ತ ಕೊಟ್ಟರು. ಜ್ವರ ಇಳಿಯುವವರೆಗೆ ನಾನು ರಜೆ ಹಾಕಿ ಅಲ್ಲಿಯೇ ಓಡಾಡಿದೆ. ನಾಗವೇಣಿ ಎದ್ದು ಕೂತು ಗಂಜಿ ಕುಡಿದಳು. ಪುರುಡು ಆಸ್ಪತ್ರೆಯಲ್ಲೇ ಕಳೆಯಿತು. ಊರಿಗೆ ಮರಳುವಾಗ ಅವಳು ಲಾಂಚಿನಲ್ಲಿ ತನ್ನ ಕಾಲಿನ ಮೇಲೆ ತಾನು ನಿಂತು ದಾಟಿದಳೆಂದು ಕೆರಿಯಪ್ಪ ಬಂದು ಹೇಳಿದ. ಎಲ್ಲವೂ ಸರಿಹೋಯಿತೆಂದು ಬರೆದು ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಿದ್ದೆ ಕೂಡ. ಹಾಳೆ ಮಡಚಿಟ್ಟು ಎದ್ದವಳು ಮತ್ತೆ ಬಂದು ಕೂತಿದ್ದೇನೆ. ಲಾಂಚು ದಡ ಮುಟ್ಟಿದ ಗಳಿಗೆಯ ಸಂಗತಿಯೊಂದನ್ನು ಬಿಟ್ಟಿದ್ದೆ.

ಹೊಳೆಬಾಗಿಲಿನಲ್ಲಿ ಲಾಂಚು ದಡಕ್ಕೆ ಬಡಿದು ನಿಂತಿತು. ಬಸ್ಸು ಹೊಗೆ ಉಗುಳಿತು. ಜನ ಇಳಿಯಲು ನುಗ್ಗಿದರು. ಮಗು ದಾರಿಯುದ್ದಕ್ಕೂ ನನ್ನ ತೋಳಿನಲ್ಲಿ ಬಟ್ಟೆಯೊಳಗೆ ಅಲುಗದೆ ಮಲಗಿತ್ತು. ಬೆಚ್ಚಗಿತ್ತು, ಉಸಿರಾಡುತ್ತಿತ್ತು. ನಾನು ಸದಾ ಮುಟ್ಟಿ ನೋಡುತ್ತಲೇ ಇದ್ದೆ. ಗುತ್ಯಮ್ಮ ಮಾತ್ರ ಲಾಂಚು ಹತ್ತಿದಾಗಿನಿಂದ ಒಮ್ಮೆಯೂ ಈ ಕಡೆ ತಿರುಗಿರಲಿಲ್ಲ. ಈಗಲೂ ಬೆನ್ನು ತಿರುಗಿಸಿಯೇ ಕೂತಿದ್ದರು.

"ನರ್ಸಮ್ಮ" ಎಂದರು. ಧ್ವನಿ ಕೇಳಿಸುವಂತಿರಲಿಲ್ಲ. "ಅಳ್ಸು ಅದನ್ನ."

"ಮಲಗಿದೆಯಮ್ಮಾ, ಚೆನ್ನಾಗಿದೆ. ನೋಡಿ ಬೇಕಾದ್ರೆ."

"ನೋಡಲ್ಲ ನಾನು. ಒಂದ್ಸಲ ಅಳ್ಸು ತಂಗಿ. ಕೇಳ್ಬೇಕು."

ಹುಟ್ಟಿದ ಮಗು ಅಳದಿದ್ದರೆ ನಾವು ಮಾಡುವಂತೆ, ಬಟ್ಟೆ ಸರಿಸಿ, ಹುಣಸೆ ಬೀಜದಷ್ಟು ಬೆರಳುಗಳಿದ್ದ ಆ ಅಂಗಾಲಿಗೆ ನನ್ನ ಬೆರಳಿನಿಂದ ಚಿಮ್ಮಿದೆ. ಅದು ಮುಖ ಕಿವುಚಿತು, ಅಳಲಿಲ್ಲ. ಮತ್ತೊಮ್ಮೆ ಚಿಮ್ಮಿದೆ. ಗುತ್ಯಮ್ಮನ ಹೆಗಲು ಕಲ್ಲಾಗಿತ್ತು. ಮೂರನೆಯ ಸಲಕ್ಕೆ ಅದು ಬಾಯಿ ತೆರೆದು, ಬಸ್ಸಿನ ಸದ್ದನ್ನೂ ಮೀರಿ ಕಿರುಚಿತು. ಇಳಿಯುತ್ತಿದ್ದ ಜನರೆಲ್ಲ ತಿರುಗಿ ನೋಡಿದರು.

ಗುತ್ಯಮ್ಮ ತಿರುಗಿದರು. ಕಣ್ಣು, ಮೂಗು, ಬಾಯಿ ಎಲ್ಲ ಒದ್ದೆ. ಎರಡೂ ಕೈ ಚಾಚಿ, ನನ್ನ ಮೇಲೆ ಹರಿಹಾಯ್ದರು:

"ಸಾಕೇ ಸಾಕು! ಎಳೇ ಕೂಸಿಗೆ ಎಷ್ಟ್ ಹೊಡಿತೀಯ? ಕೊಡು ಇಲ್ಲಿ!"